ಎಪ್ಪತ್ತು ತುಂಬುವ ತನಕ

ತ್ಸುಬಾಮೆ
೨೦೨೬ ಜನವರಿ ೨೪, ಶನಿವಾರ

ಪ್ರೀತಿಯ ಫುಮಿ,

ಅದಕ್ಕೇ ನಾನು ಅಂದದ್ದು, ತಪ್ಪು ಆ ಪಿಂಚಣಿ ಕಚೇರಿಯ ಹುಡುಗಿಯದಲ್ಲ ಅಂತ. ನಿನ್ನೆ ಆ ಮಾತು ಮುಗಿಸುವಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ. ಅಂಗಡಿಯಲ್ಲಿ ಯಾರದೋ ತಲೆಗೆ ಬಣ್ಣ ಹಚ್ಚಿ ಕೂರಿಸಿದ್ದೇನೆ, ಹೊತ್ತು ಮೀರಿದರೆ ಕೂದಲು ಹಾಳಾಗುತ್ತದೆ ಅಂದೆ. ಇರಬಹುದು. ಆಮೇಲೆ ಮೂರು ಸಲ ಮಾಡಿದೆ, ನೀನು ಎತ್ತಲಿಲ್ಲ. ನಾಗಾಒಕಾದಲ್ಲಿ ಒಂದೇ ದಿನ ಅಷ್ಟು ಹೆಂಗಸರು ತಲೆಗೆ ಬಣ್ಣ ಹಾಕಿಸಿಕೊಳ್ಳುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಪತ್ರ ಬರೆಯುತ್ತಿದ್ದೇನೆ. ಕೈಯಲ್ಲಿ ಕತ್ತರಿ ಇದ್ದರೂ ಪತ್ರವನ್ನು ನೀನು ನಡುವೆ ಕತ್ತರಿಸಲಾರೆ ಅಂದುಕೊಂಡಿದ್ದೇನೆ.

ಫೋನ್ ಇಡುವ ಮುಂಚೆ ನೀನು ಅಂದದ್ದನ್ನು ಮೊದಲು ಬರೆದುಬಿಡುತ್ತೇನೆ. ಭಾವ ಅದನ್ನು ಹಾರಿಸಿಬಿಟ್ಟರು ಅನ್ನಬಾರದು ನೋಡು.

"ಕಾಯೋಣ ಅಂತ ಅಕ್ಕ ಯಾವತ್ತೂ ಅಂದಿರಲಿಲ್ಲ ಭಾವ. ಕಾದದ್ದು ನೀವು. ದುಡಿದದ್ದು ಅವಳು."

ಅದರ ಹಿಂದೆಯೇ, ಫೆಬ್ರವರಿ ಎಂಟರ ಭಾನುವಾರ ಮಿತ್ಸುಯೊ ಹೋಗಿ ಎರಡು ವರ್ಷವಾದ ಪೂಜೆಗೆ ಬರುವುದಿಲ್ಲ ಅಂದೆ. ನಮಗೆ ಮಕ್ಕಳಿಲ್ಲ. ಅವಳಿಗೆ ಒಡಹುಟ್ಟಿದವಳು ನೀನೊಬ್ಬಳೇ. ನೀನು ಬರದಿದ್ದರೆ ಮಠದ ಗುರುಗಳೂ ನಾನೂ ಎದುರುಬದುರು ಕೂತು ಊಟದ ಡಬ್ಬಿ ಬಿಚ್ಚಬೇಕು. ಗುರುಗಳಿಗೆ ಕಿವಿ ಬೇರೆ ಕೇಳಿಸುವುದಿಲ್ಲ. ಕಳೆದ ವರ್ಷ ನಾನು ಸೋಯಾ ಸಾಸ್ ಕೊಡಿ ಅಂದರೆ ಇನ್ನೊಂದು ಮಂತ್ರ ಹೇಳಿದರು.

ನಾನು ಮೂವತ್ತೆಂಟು ವರ್ಷ ಚಮಚದ ಕಾರ್ಖಾನೆಯ ರಫ್ತು ವಿಭಾಗದಲ್ಲಿ ಕೂತು ಪರದೇಶದ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಜವಾಬು ಬರೆದವನು. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಧ ಮರೆತಿತ್ತು, ಉಳಿದರ್ಧದಲ್ಲೇ ಕೆಲಸ ಸಾಗಿತು. ಅಲ್ಲಿ ಒಂದು ಪದ್ಧತಿಯಿತ್ತು. ದೂರು ಬಂದರೆ ಮೊದಲು ದೂರನ್ನು ಪೂರ್ತಿ ನಕಲು ಮಾಡಬೇಕು. ಆಮೇಲೆ 'ವಿ ಬೆಗ್ ಟು ಸ್ಟೇಟ್' ಅಂತ ಶುರು ಮಾಡಿ ಒಂದೊಂದಕ್ಕೂ ಉತ್ತರ ಕೊಡಬೇಕು. ನಕಲು ಆಯಿತು. ಇನ್ನು ವಿ ಬೆಗ್ ಟು ಸ್ಟೇಟ್.

ಗುರುವಾರ ನಾನು ಪಿಂಚಣಿ ಕಚೇರಿಗೆ ಹೋದದ್ದು ಪಿಂಚಣಿ ಶುರು ಮಾಡಿಸಲಿಕ್ಕಲ್ಲ. ನನಗೆ ಎಪ್ಪತ್ತು ತುಂಬಲು ಇನ್ನೂ ಹದಿನೇಳು ತಿಂಗಳಿದೆ. ಆದರೆ ಡಿಸೆಂಬರಿನಲ್ಲಿ ಬಚ್ಚಲ ಗೀಸರ್ ಕೆಟ್ಟಿತು. ಹೊಸದು ಕೊಳ್ಳಲು ಕೈ ಬರಲಿಲ್ಲ, ಮೊದಲು ಆಗೀಗ ಹೋಗುತ್ತಿದ್ದ ಮೇಲಿನ ಬೀದಿಯ ಸ್ನಾನದ ಮನೆಗೇ ಈಗ ದಿನಾ ಹೋಗಿಬರುತ್ತಿದ್ದೇನೆ. ಹಿಮದಲ್ಲಿ ಬಿಸಿ ಮೈ ಹೊತ್ತುಕೊಂಡು ಮನೆಗೆ ಬರುವಷ್ಟರಲ್ಲಿ ಮತ್ತೆ ತಣ್ಣಗೆ. ಇನ್ನೂ ಹದಿನೇಳು ತಿಂಗಳು ಹೀಗೆ ತಡೆಯಬೇಕಾದರೆ ಕಣ್ಣೆದುರಿಗೆ ಒಂದು ಅಂಕಿ ಬೇಕು ಅನ್ನಿಸಿತು. ಎಪ್ಪತ್ತಕ್ಕೆ ಎಷ್ಟು ಬರುತ್ತದೆ ಅಂತ ಬರೆಸಿಕೊಂಡು ಬಂದು ಅಡಿಗೆಮನೆ ಗೋಡೆಗೆ ಅಂಟಿಸೋಣ ಅಂದುಕೊಂಡೆ, ಅಷ್ಟೆ.

ನಿನಗೂ ಎರಡು ವರ್ಷದಲ್ಲಿ ಈ ಪ್ರಶ್ನೆ ಬರುತ್ತದೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಅರವತ್ತೈದಕ್ಕೆ ಕೇಳಿದರೆ ಕೊಡುತ್ತಾರೆ. ಕೇಳದೆ ಕೂತರೆ, ಕೂತ ಪ್ರತಿ ತಿಂಗಳಿಗೂ ಒಂದಿಷ್ಟು ಸೇರಿಸುತ್ತಾ ಹೋಗುತ್ತಾರೆ. ಎಪ್ಪತ್ತರ ತನಕ ಕೂತವನಿಗೆ ನೂರಿದ್ದದ್ದು ನೂರ ನಲವತ್ತೆರಡು, ಸಾಯುವ ತನಕ. ಇದನ್ನು ಮೊದಲು ನನ್ನ ತಲೆಗೆ ಹಾಕಿದ್ದು ಅದೇ ಸ್ನಾನದ ಮನೆಯ ಕೊಬಾರಿ. ನಮ್ಮ ಕಾರ್ಖಾನೆಯಲ್ಲಿ ಚಮಚಕ್ಕೆ ಹೊಳಪು ಕೊಡುತ್ತಿದ್ದನಲ್ಲ, ಅವನೇ. ಈಗ ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು ಎಲ್ಲರ ಆಯಸ್ಸು ಗುಣಿಸುತ್ತಾನೆ. "ನೀನು ಎಷ್ಟಕ್ಕೆ ಸಾಯ್ತೀಯ ಹೇಳು, ಯಾವಾಗ ತಗೋಬೇಕು ಅಂತ ನಾನು ಹೇಳ್ತೀನಿ" ಅನ್ನುತ್ತಾನೆ. ನನಗೆ ಹೇಳಿದ್ದು: "ನಿಮ್ಮಪ್ಪ ಹೋದದ್ದು ತೊಂಬತ್ತಾರಕ್ಕಲ್ವಾ? ಎಂಬತ್ತೆರಡು ದಾಟಿದ್ರೆ ನೀನು ಗೆದ್ದೆ. ಕಾಯಿ, ದಡ್ಡ." ಅವನು ಮಾತ್ರ ಅರವತ್ತಕ್ಕೇ ಕಡಿತದ ಪಿಂಚಣಿ ತೆಗೆದುಕೊಂಡು ಮೀನು ಹಿಡಿಯುವ ದೋಣಿ ಕೊಂಡಿದ್ದಾನೆ. ತನ್ನ ಮನೆತನದಲ್ಲಿ ಯಾರೂ ಎಪ್ಪತ್ತೈದು ದಾಟಿಲ್ಲವಂತೆ. ಅವನಿಗೀಗ ಎಪ್ಪತ್ತಾರು.

ಆ ನೀರಿನಲ್ಲಿ ಆರೇಳು ಜನ ಮುದುಕರಿದ್ದೆವು. ಮಿತ್ಸುಯೊ ಎಷ್ಟು ವರ್ಷ ಬದುಕುತ್ತಾಳೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಇರಲಿ, ಕಚೇರಿಗೆ ಬರುತ್ತೇನೆ. ಕೌಂಟರಿನ ಹಿಂದೆ ಐಜಾವಾ ಅಂತ ಎದೆಗೆ ಹೆಸರು ಸಿಕ್ಕಿಸಿಕೊಂಡ ಹುಡುಗಿ. ನನ್ನ ನಂಬರು ಒತ್ತಿ ಪರದೆ ನೋಡಿದಳು. ಮನೆಯವರು ತೀರಿಕೊಂಡದ್ದು ಎರಡು ವರ್ಷದ ಹಿಂದೆ ಅಲ್ಲವೇ, ಆಗ ಅವರು ಕೆಲಸದಲ್ಲಿದ್ದರಲ್ಲವೇ ಅಂತ ಮೆಲ್ಲಗೆ ಕೇಳಿದಳು. ಹೌದು ಅಂದೆ, ನಾನು ಬಂದದ್ದು ನನ್ನ ಲೆಕ್ಕಕ್ಕೆ ಅಂತಲೂ ಅಂದೆ. ಅವಳು ಒಳಗೆ ಹೋಗಿ ವಯಸ್ಸಾದವರೊಬ್ಬರನ್ನು ಕರೆತಂದಳು. ಇಬ್ಬರೂ ಪರದೆ ನೋಡಿದರು. ಆಮೇಲೆ ಆತ ಒಳಗೆ ಹೋದರು. ಕೆಟ್ಟ ಸುದ್ದಿ ಹೇಳುವ ಕೆಲಸವನ್ನು ಎಲ್ಲ ಕಚೇರಿಯಲ್ಲೂ ಚಿಕ್ಕವರಿಗೇ ಬಿಡುತ್ತಾರೆ.

"ಓಬಾತಾ ಅವರೇ, ನಿಮ್ಮ ಎಣಿಕೆ ಆವತ್ತೇ ನಿಂತಿದೆ" ಅಂದಳು.

ಯಾವತ್ತು ಅಂದೆ. ಮಿತ್ಸುಯೊ ಹೋದ ದಿನ ಅಂದಳು.

ಮೂರು ಸಲ ಹೇಳಿಸಿಕೊಂಡೆ. ಮೂರನೆಯ ಸಲ ಅವಳು ಚೀಟಿಯ ಮೇಲೆ ಗೀಟೆಳೆದು ತೋರಿಸಿದಳು. ದುಡಿಯುತ್ತಿದ್ದ ಹೆಂಡತಿ ತೀರಿಕೊಂಡರೆ ಅವಳ ಪಿಂಚಣಿಯ ಒಂದು ಪಾಲಿನ ಮೇಲೆ ನನ್ನಂಥ ಗಂಡನಿಗೆ ಹಕ್ಕು ಹುಟ್ಟುತ್ತದೆ. ಅದು ಹುಟ್ಟಿದ ದಿನಕ್ಕೆ, ಅವನು ತನ್ನ ಪಿಂಚಣಿಗೆ ಕಾಯುತ್ತಾ ಕೂತಿದ್ದರೆ, ಆ ಕಾಯುವಿಕೆ ಅಲ್ಲಿಗೆ ಮುಗಿಯಿತು. ಆಮೇಲೆ ಎಷ್ಟು ಕೂತರೂ ಒಂದು ಯೆನ್ ಸೇರುವುದಿಲ್ಲ. ನಾನು ಆ ಹಕ್ಕನ್ನು ಕೇಳಿಯೇ ಇಲ್ಲವಲ್ಲ ಅಂದೆ. ಕೇಳಬೇಕಿಲ್ಲ, ಅದು ತಾನಾಗಿ ಹುಟ್ಟುತ್ತದೆ ಅಂದಳು. ಸರಿ, ಹುಟ್ಟಿದ್ದು ಹುಟ್ಟಿತು, ಅದರಿಂದ ನನಗೆ ಬರುವುದೆಷ್ಟು ಅಂದೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. ನನ್ನ ಸ್ವಂತ ಪಿಂಚಣಿಯೇ ಅದಕ್ಕಿಂತ ಹೆಚ್ಚಿರುವುದರಿಂದ ಏನೂ ಬರುವುದಿಲ್ಲವಂತೆ.

ಸೊನ್ನೆ ಯೆನ್ನಿನ ಹಕ್ಕು, ಫುಮಿ. ಈ ದೇಶದಲ್ಲಿ ಮೂರು ಪ್ರತಿ ಅರ್ಜಿ ಬರೆಯದೆ ಒಂದು ಹಳೇ ಕುರ್ಚಿಯನ್ನು ಬೀದಿಗೆ ಹಾಕಲಿಕ್ಕಾಗುವುದಿಲ್ಲ. ನಾನು ಅರ್ಜಿ ಹಾಕದೆಯೇ, ಮುದ್ರೆ ಒತ್ತದೆಯೇ ಸರ್ಕಾರ ಮನೆ ಬಾಗಿಲಿಗೆ ತಂದುಕೊಟ್ಟದ್ದು ಇದೊಂದನ್ನೇ. ಎರಡು ವರ್ಷ ಬಟಾಟೆ, ಮೂಲಂಗಿ, ಮುಗ್ಗಲು ಅಕ್ಕಿ. ಒಂದು ಕೋಣೆಗೆ ಮಾತ್ರ ಬೆಂಕಿ. ವಾರಕ್ಕೆ ಮೂರು ಬೆಳಿಗ್ಗೆ ಚಿಲ್ಲರೆ ಸಂಬಳಕ್ಕೆ ನಿಲ್ದಾಣದೆದುರು ಕಾಲೇಜು ಹುಡುಗರು ಬೀಳಿಸಿಹೋದ ಸೈಕಲುಗಳನ್ನು ಎತ್ತಿ ನಿಲ್ಲಿಸುತ್ತೇನೆ. ಎಲ್ಲ ಯಾತಕ್ಕೆ ಅಂತ ನಾನು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಪಕ್ಕದ ಕೌಂಟರಿನಲ್ಲಿದ್ದ ದಂಪತಿ ತಮ್ಮ ಚೀಲ ಹತ್ತಿರ ಎಳೆದುಕೊಂಡರು. ಹುಡುಗಿ ತಲೆ ತಗ್ಗಿಸಿ, ಪುರಸಭೆಯಿಂದ ಒಂದು ಹಸಿರು ಕಡತ ಬಂದಿರಬೇಕಲ್ಲ, ಅದರಲ್ಲಿ ಒಂದು ಹಾಳೆಯಿತ್ತು, ಬಂದು ವಿಚಾರಿಸಿ ಅಂತ ಬರೆದಿರುತ್ತದೆ ಅಂದಳು.

ಬಂದಿತ್ತು. ಮರಣ ನೋಂದಾಯಿಸಿದ ದಿನ ಕೊಟ್ಟಿದ್ದರು. ನಾನು ಅದನ್ನು ತೆರೆಯದೆ ಮಿತ್ಸುಯೊಳ ಬಟ್ಟೆಯ ಬೀರುವಿನ ಕೆಳಗಿನ ಖಾನೆಗೆ ಹಾಕಿದ್ದೆ. ಅದಕ್ಕೇ ತಪ್ಪು ಆ ಹುಡುಗಿಯದಲ್ಲ ಅಂದದ್ದು. ಇಷ್ಟು ಹೇಳಲಿಕ್ಕೆ ನಿನ್ನೆ ನೀನು ಬಿಡಲಿಲ್ಲ.

ಯಾಕೆ ತೆರೆಯಲಿಲ್ಲ ಅಂತ ಕೇಳುತ್ತೀಯ. ಏನು ಹೇಳಲಿ. ಕೇಳುವ ತನಕ ಇಲ್ಲಿ ಯಾವುದೂ ಶುರುವಾಗುವುದಿಲ್ಲ ಎನ್ನುವುದು ನಾನು ಅರವತ್ತೈದಕ್ಕೆ ಕಲಿತ ಪಾಠ. ಪಿಂಚಣಿ ಕೇಳದೆ ಬಿಟ್ಟೆ, ಅದು ನಿಂತಲ್ಲೇ ನಿಂತಿತ್ತು. ಕಡತವನ್ನೂ ಹಾಗೇ ಬಿಟ್ಟರೆ ಅದರೊಳಗಿರುವುದೂ ನಿಂತಲ್ಲೇ ನಿಲ್ಲುತ್ತದೆ ಅಂದುಕೊಂಡೆನೋ ಏನೋ. ಮೂರ್ಖತನ ಅನ್ನುತ್ತೀಯ, ಅನ್ನು.

ಈಗ ನಿನ್ನ ದೂರಿಗೆ ಬರುತ್ತೇನೆ. ಅಂತ್ಯಕ್ರಿಯೆಯ ದಿನ ನಿಮ್ಮ ಸೋದರತ್ತೆ, ಈ ವಯಸ್ಸಿನಲ್ಲಿ ಮಿತ್ಸುಯೊ ಯಾಕೆ ಕೆಲಸಕ್ಕೆ ಹೋಗುತ್ತಿದ್ದಳು ಅಂತ ಕೇಳಿದಾಗ, ಪಿಂಚಣಿಗೆ ಎಪ್ಪತ್ತರ ತನಕ ಕಾಯೋಣ ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೆವು ಅಂದೆ. ಇಬ್ಬರೂ ಸೇರಿ ಅಂದದ್ದು ಪೂರ್ತಿ ಸುಳ್ಳಲ್ಲ. ನಾನು ಹೇಳಿದೆ, ಅವಳು ಬೇಡ ಅನ್ನಲಿಲ್ಲ. ನಿಮ್ಮಕ್ಕ ಬೇಡ ಅನ್ನಬೇಕಾದರೆ ಹೇಗೆ ಅನ್ನುತ್ತಿದ್ದಳು ಅಂತ ನಿನಗೆ ಗೊತ್ತು, ಪಾತ್ರೆ ತೊಳೆಯುವ ಸದ್ದೇ ಬೇರೆ ಇರುತ್ತಿತ್ತು. ಆವತ್ತು ಅಂಥ ಸದ್ದೇನೂ ಬರಲಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಕಾರ್ಖಾನೆ ಬಿಟ್ಟ ಮೇಲೆ ಅಡಿಗೆ ನನ್ನದೇ. ಅವಳು ಕೆಲಸ ಮುಗಿಸಿ ಮಧ್ಯಾಹ್ನ ಬರುವಷ್ಟರಲ್ಲಿ ಸಾರು ಬಿಸಿಯಿರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚು ಅಂತ ಅವಳು ನಿನಗೆ ಹೇಳಿದ್ದಾಳೆ, ನನಗೆ ಹೇಳಲಿಲ್ಲ. ಆದರೆ ಬೆಳಗಿನ ಜಾವ ಮೂರೂವರೆಗೆ ಅವಳು ಎದ್ದು ಕಾರಿನ ಮೇಲಿನ ಹಿಮ ಉದುರಿಸುವುದು ಹಾಸಿಗೆಯಲ್ಲೇ ಕೇಳಿಸುತ್ತಿತ್ತು. ನಾನು ಎದ್ದದ್ದು ಬಹುಶಃ ನಾಲ್ಕೈದು ಸಲ. ಊಟದ ಡಬ್ಬಿ ಕಾರ್ಖಾನೆಯಲ್ಲಿ ಅವಳ ಕೆಲಸ ಏನು ಅಂತ ಗೊತ್ತಲ್ಲ. ಅನ್ನದ ನಡುವೆ ಒಂದು ಕೆಂಪು ಹುಳಿ ಉಪ್ಪಿನ ಹಣ್ಣು ಇಡಬೇಕು, ಮುಂದಿನ ಡಬ್ಬಿ, ಮತ್ತೊಂದು. ಬೆರಳ ತುದಿ ಯಾವಾಗಲೂ ನಸುಗೆಂಪು. ಮನೆಯಲ್ಲಿ ಅವಳು ಉಪ್ಪಿನ ಹಣ್ಣು ಮುಟ್ಟುತ್ತಿರಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ. ಅವಳು ಹೋಗುವುದಕ್ಕೆ ಎರಡು ತಿಂಗಳ ಮುಂಚೆ, ಡಿಸೆಂಬರಿನಲ್ಲಿ, ನಾನು ಎದ್ದಿದ್ದ ಆ ನಾಲ್ಕೈದು ಬೆಳಿಗ್ಗೆಗಳಲ್ಲಿ ಒಂದು. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದಳು. ತಿರುಗಿ ನೋಡದೆಯೇ ಕೇಳಿದಳು: "ರೀ, ನಿಮಗೆ ಎಪ್ಪತ್ತಾಗೋಕೆ ಇನ್ನೂ ಎಷ್ಟಿದೆ?"

ನನಗೆ ಅಂಕಿ ಬಾಯಲ್ಲೇ ಇತ್ತು. "ನಲವತ್ತೆರಡು ತಿಂಗಳು" ಅಂದೆ. "ನೋಡಿದ್ಯಾ, ಹೆಚ್ಚು ಬರೋದೂ ನಲವತ್ತೆರಡೇ. ಎಂಥ ಹೊಂದಾಣಿಕೆ."

ನಾನು ನಕ್ಕೆ ಕೂಡ. ಅವಳು ಇನ್ನೊಂದು ಬೂಟು ಹಾಕಿಕೊಂಡು ಹೋದಳು.

ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದೆ ಫುಮಿ. ಒಂದು ತಿಂಗಳೂ ಹೆಚ್ಚುಕಡಿಮೆ ಇಲ್ಲ. ಎರಡು ವರ್ಷದಿಂದ ಸ್ನಾನಕ್ಕೆ ಹೋಗುವ ದಾರಿಯಲ್ಲಿ ಆ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟು ನೋಡುತ್ತಿದ್ದೇನೆ.

ಇನ್ನು ಉಳಿದದ್ದು ಗುರುವಾರದ ಹಾಳೆ. ಇಷ್ಟಾದ ಮೇಲೂ ಆ ಹುಡುಗಿ ನನ್ನ ಮುಂದೆ ಒಂದು ಹಾಳೆ ಇಟ್ಟಳು. ಎರಡು ಚೌಕ, ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಮೊದಲನೆಯದು, ಎಣಿಕೆ ನಿಂತ ದಿನದಿಂದ ಶುರು ಮಾಡುವುದು. ಅರವತ್ತೈದರಿಂದ ಆವತ್ತಿನ ತನಕ ನಾನು ಕಾದ ಇಪ್ಪತ್ತು ತಿಂಗಳಿಗೆ ಸೇರಿದ್ದನ್ನು ಸೇರಿಸಿ ಕೊಡುತ್ತಾರೆ, ನೂರಕ್ಕೆ ಹದಿನಾಲ್ಕು ಹೆಚ್ಚು, ಸಾಯುವ ತನಕ. ಎರಡನೆಯದು, ಅರವತ್ತೈದಕ್ಕೇ ಕೇಳಿದ್ದೆ ಅನ್ನುವ ಹಾಗೆ ಹಿಂದಕ್ಕೆ ಹೋಗುವುದು. ಹೆಚ್ಚಿಗೆ ಏನೂ ಇಲ್ಲ. ಆವತ್ತಿನಿಂದ ಬರಬೇಕಾದ್ದು ಒಟ್ಟಿಗೆ ಬರುತ್ತದೆ, ಮುಂದೆ ಸಾಯುವ ತನಕ ಬರೀ ನೂರು.

ಹುಡುಗಿ ಸಲಹೆ ಕೊಡಬಾರದಂತೆ. ಆದರೂ ಅವಳ ಪೆನ್ನು ಮೊದಲನೆಯ ಚೌಕದ ಹತ್ತಿರ ಹೆಚ್ಚು ಹೊತ್ತು ನಿಂತಿತು. ಸಂಜೆ ಕೊಬಾರಿಗೆ ಹೇಳಿದೆ. ಅವನು ನೀರಿನಿಂದ ಎದ್ದೇಬಿಟ್ಟ. ಅಷ್ಟು ಬೇಗ ಅವನು ಎದ್ದದ್ದನ್ನು ನಾನು ಕಂಡಿಲ್ಲ. "ನಿಮ್ಮಪ್ಪ ತೊಂಬತ್ತಾರು ಬದುಕಿದ್ದು ಮರೆತ್ಯಾ? ಹದಿನಾಲ್ಕು ಬಿಟ್ರೆ ನಿನ್ನಂಥ ಕತ್ತೆ ಈ ಊರಲ್ಲಿಲ್ಲ" ಅಂದ. ಸರಿಯಾಗಿಯೇ ಹೇಳಿದ. ನಾನೂ ಅಡಿಗೆಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಗುಣಿಸಿ ನೋಡಿದೆ, ಎರಡು ಸಲ. ಕೊಬಾರಿಯೇ ಸರಿ.

ಆದರೆ ಆ ಹದಿನಾಲ್ಕು ಎಲ್ಲಿಂದ ಬಂತು ಅಂತ ಯೋಚಿಸು. ಅದು ಸರಿಯಾಗಿ ಆ ಇಪ್ಪತ್ತು ತಿಂಗಳು. ನಾನು ಮನೆಯಲ್ಲಿದ್ದೆ, ಅವಳು ಮೂರೂವರೆಗೆ ಎದ್ದು ಹಿಮ ಉದುರಿಸುತ್ತಿದ್ದಳು. ಮೊದಲನೆಯ ಚೌಕಕ್ಕೆ ಗುರುತು ಹಾಕಿದರೆ ಎರಡು ತಿಂಗಳಿಗೊಮ್ಮೆ, ಹದಿನೈದನೆಯ ತಾರೀಕು, ಅದೇ ನನ್ನ ಪಾಸ್‌ಬುಕ್ಕಿಗೆ ಬಂದು ಕೂರುತ್ತದೆ. ತೊಂಬತ್ತಾರರವರೆಗೆ ನಾನು ಅದನ್ನು ಉಣ್ಣುತ್ತಿರಬೇಕು.

ಎರಡನೆಯದಕ್ಕೆ ಗುರುತು ಹಾಕಿದ್ದೇನೆ. ಇವತ್ತು ಬೆಳಿಗ್ಗೆ, ಪೆನ್ಸಿಲಿನಲ್ಲಿ ಅಲ್ಲ, ಪೆನ್ನಿನಲ್ಲಿ. ಸೋಮವಾರ ಕೊಟ್ಟು ಬರುತ್ತೇನೆ. ಹಣ ಬಂದರೆ ಏನು ಮಾಡಬೇಕೋ ಗೊತ್ತಿಲ್ಲ. ಮೊದಲು ಗೀಸರ್. ಇದನ್ನು ನಿನ್ನ ಮೆಚ್ಚುಗೆಗೆ ಬರೆಯುತ್ತಿಲ್ಲ. ನಿನಗೂ ಇದು ಮೂರ್ಖತನವೇ ಅನ್ನಿಸುತ್ತದೆ, ನೀನು ಚಿಕ್ಕಂದಿನಿಂದ ಲೆಕ್ಕದಲ್ಲಿ ನಿಮ್ಮಕ್ಕನಿಗಿಂತ ಜೋರು. ಎಂಟನೇ ತಾರೀಕು ಬಂದು ಎದುರಿಗೇ ಕೂತು ಬೈಯಿ. ಫೋನಿನಲ್ಲಿ ಬೈಸಿಕೊಳ್ಳಲು ನನಗೆ ಬರುವುದಿಲ್ಲ, ಯಾವ ಕಿವಿಯಲ್ಲಿ ಕೇಳಬೇಕೋ ತಿಳಿಯುವುದಿಲ್ಲ. ಊಟದ ಡಬ್ಬಿ ಮೂರಕ್ಕೆ ಹೇಳಿದ್ದೇನೆ. ಉಪ್ಪಿನ ಹಣ್ಣು ಬೇಡ ಅಂದಿದ್ದೇನೆ.

ಕಾಲೇಜಿನ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ನನಗೆ ಈಗಲೂ ತಪ್ಪಿಲ್ಲದೆ ಬರುತ್ತದೆ. 'ವಿ ರಿಗ್ರೆಟ್ ದ ಡಿಲೇ.' ಚಮಚ ತಡವಾಗಿ ಹೊರಟಾಗೆಲ್ಲ ಅದನ್ನು ಬರೆಯುತ್ತಿದ್ದೆ. ಸಾವಿರ ಸಲ ಬರೆದಿದ್ದೇನೆ, ಅದರ ಅರ್ಥ ಏನು ಅಂತ ಒಂದು ಸಲವೂ ನಿಂತು ನೋಡಿರಲಿಲ್ಲ. ಹಡಗು ತಡವಾದರೆ ನನಗೇನು, ಐದಕ್ಕೆ ಮನೆಗೆ ಹೋಗುತ್ತಿದ್ದೆ. ಇನ್ನೊಂದು ಸಂಗತಿ ಹೇಳಬೇಕೆಂದಿದ್ದೆ, ಆ ಸಾರಿನ ಉಪ್ಪಿನ ವಿಷಯ…

ಅಕ್ಷರ ಕಾಣಿಸುತ್ತಿಲ್ಲ. ಕಿಟಕಿಯ ಅರ್ಧದವರೆಗೂ ಹಿಮ ಬಂದು ಕೂತಿದೆ, ಉಳಿದರ್ಧದಲ್ಲಿ ಬೆಳಕು ಹೋಗುತ್ತಿದೆ. ದೀಪ ಹಾಕಬಹುದು. ಇನ್ನು ಉಳಿಸಬೇಕಿಲ್ಲ, ಹಾಕಬಹುದು ಅನ್ನುವುದು ಈಗ ನೆನಪಾಯಿತು. ಆದರೆ ಐದಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ, ಈ ಸಲ ಅಷ್ಟರೊಳಗೆ ಹಾಕಬೇಕು.

ನಿನ್ನ ಭಾವ,
ಶಿಗೆರು

ಮತ್ತೆ: ಇದರ ಜೊತೆ ಒಂದು ಕಾರ್ಡು ಇಟ್ಟಿದ್ದೇನೆ. ನನಗೆ ಅರವತ್ತೈದಾದಾಗ ಪಿಂಚಣಿಯವರು ಕಳಿಸಿದ್ದು, ಈಗಿನಿಂದಲೇ ಬೇಕು ಅನ್ನುವವರು ತುಂಬಿ ಕಳಿಸಬೇಕಿತ್ತು. ತುಂಬಿದವರ ಕೈಬರಹ ಯಾರದು ಅಂತ ನಿನಗೆ ತಿಳಿಯುತ್ತದೆ. ನನ್ನ ಹೆಸರು, ಹುಟ್ಟಿದ ದಿನ, ಎಲ್ಲ ಬರೆದು, ಸ್ಟಾಂಪು ಕೂಡ ಅಂಟಿಸಿ, ಸ್ನಾನಕ್ಕೆ ಹೋಗುವಾಗ ಹಾಕಿಬಿಡಿ ಅಂತ ನನ್ನ ಟವೆಲ್ಲಿನ ಮೇಲೆ ಇಟ್ಟಿದ್ದಳು. ನಾನು ಕೊಬಾರಿಯ ಮಾತು ಕೇಳಿ ಅದನ್ನು ಹಾಗೇ ವಾಪಸು ತಂದೆ. ಎಸೆದಿದ್ದೇನೆ ಅಂದುಕೊಂಡಿದ್ದೆ. ನಿನ್ನೆ ನೀನು ಫೋನ್ ಇಟ್ಟ ಮೇಲೆ ಹಸಿರು ಕಡತ ತೆಗೆಯಲು ಅವಳ ಖಾನೆ ಎಳೆದರೆ ಕೆಳಗೆ ಇದು ಸಿಕ್ಕಿತು. ನೋಡಿ ಆದ ಮೇಲೆ ನನಗೆ ವಾಪಸು ಬೇಕು. ಅಂಚೆಗೆ ಹಾಕಬೇಡ, ಅದರ ಮೇಲಿನ ಸ್ಟಾಂಪು ಈಗ ಸಾಲದು. ಎಂಟನೇ ತಾರೀಕು ಕೈಯಲ್ಲೇ ತಂದುಕೊಡು.